ಒಂದು ಹಳೆಯ ರೈಲು ನಕಾಶೆ

ಭೂಗೋಳವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೈಸ್ಕೂಲಿನಲ್ಲಿ ಭಾರತದ ನಕಾಶೆ ಬರೆಯಿರೆಂದು ಹೇಳಿದಾಗ ಗುಜರಾತಿನ ಅಂಚನ್ನು ಅಳಿಸಿ ಅಳಿಸಿ ಬರೆದು ಕಾಗದವೇ ತೂತು ಬೀಳುತ್ತಿತ್ತು. ಅಂಥವಳು ಈ ವರ್ಷವೆಲ್ಲ ನೂರಮೂವತ್ತು ವರ್ಷಗಳಿಗೂ ಹಿಂದಿನ ಒಂದು ನಕಾಶೆಯನ್ನು ನಾಲ್ಕು ಮಡಿಕೆ ಮಾಡಿ ನೋಟುಬುಕ್ಕಿನಲ್ಲಿ ಇಟ್ಟುಕೊಂಡು ತಿರುಗುತ್ತಿರುವುದನ್ನು ಕಂಡು ಗೆಳತಿಯರು ನಕ್ಕರೆ ಅವರ ತಪ್ಪೇನೂ ಇಲ್ಲ. ಒಬ್ಬಳಂತೂ, "ಇದರಲ್ಲಿ ಎಲ್ಲಾದರೂ ನಿಧಿ ಹೂತಿಟ್ಟಿದ್ದಾರೇನೆ?" ಎಂದು ಕೇಳಿಯೇಬಿಟ್ಟಳು. ಲಿಂಗಸುಗೂರಿನ ಪಕ್ಕದಲ್ಲೇ ಹಟ್ಟಿಯ ಚಿನ್ನದ ಗಣಿ ಇರುವುದರಿಂದ ಆ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ.

ಕಥೆ ಪ್ರಾರಂಭವಾದದ್ದು ಇತಿಹಾಸದ ಸೆಮಿನಾರಿನಿಂದ. ನನ್ನ ಪಾಲಿಗೆ ಮಸ್ಕಿ ಬಂದಿತ್ತು. ನಾನು ಎಲ್ಲರಂತೆ ಅಶೋಕನಿಂದಲೇ ಶುರುಮಾಡಿ ನಾಲ್ಕು ಪುಟ ಬರೆದುಕೊಂಡು ಹೋದೆ. ಗುರುಗಳು ಓದಿ, "ಚೆನ್ನಾಗಿದೆ. ಆದರೆ ಶಾಸನ ಸಿಕ್ಕುವುದಕ್ಕೆ ಮುಂಚೆ ಹೊರಗಿನವರ ಕಣ್ಣಿಗೆ ಮಸ್ಕಿ ಏನಾಗಿತ್ತು? ಆ ಕಾಲದ ಒಂದು ನಕಾಶೆಯನ್ನಾದರೂ ತೆಗೆದು ನೋಡಿದೆಯಾ?" ಎಂದರು. ನಾನು ಸುಮ್ಮನೆ ನಿಂತೆ. ಅವರೇ ಒಂದು ಪುಸ್ತಕದ ಹೆಸರು ಬರೆದುಕೊಟ್ಟರು: ಕಾನ್‌ಸ್ಟೆಬಲ್ ಕಂಪನಿಯವರ 'ಹ್ಯಾಂಡ್ ಅಟ್ಲಾಸ್ ಆಫ್ ಇಂಡಿಯಾ'. ಎಡಿನ್‌ಬರೋದ ಜೆ. ಜಿ. ಬಾರ್ತಲೊಮ್ಯು ಎಂಬ ನಕಾಶೆಗಾರನ ನಿರ್ದೇಶನದಲ್ಲಿ ತಯಾರಾಗಿ 1893ರಲ್ಲಿ ಅಚ್ಚಾದದ್ದು. ದೊಡ್ಡವು ಸಣ್ಣವು ಸೇರಿ ಅರವತ್ತು ನಕಾಶೆಗಳು. ಇಂಥ ಪುಸ್ತಕದ ಪ್ರತಿಯನ್ನು ಕೊಳ್ಳುವ ಮಾತು ನಮ್ಮಂಥವರಿಗೆ ದೂರ ಉಳಿಯಿತು. ಆದರೆ ಅದರ ಪುಟಗಳ ಚಿತ್ರಗಳು ಈಗ ಮೊಬೈಲಿನಲ್ಲಿಯೇ ದೊರೆಯುತ್ತವೆ. ನಮ್ಮ ಸೀಮೆ ಇರುವ ಹಾಳೆಯನ್ನು ಹುಡುಕಿ, ಸಿಂಧನೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಕಾಗದದ ಮೇಲೆ ಮುದ್ರಿಸಿಕೊಂಡೆ. ಬಣ್ಣದ್ದಕ್ಕೆ ಹೆಚ್ಚು ದುಡ್ಡೆಂದು ಕಪ್ಪುಬಿಳುಪಿನಲ್ಲಿ ತೆಗೆಸಿದೆ. ಹೀಗಾಗಿ ನಿಜಾಮರ ರಾಜ್ಯ, ಕಂಪನಿಯಿಂದ ರಾಣಿಗೆ ಬಂದ ರಾಜ್ಯ ಎಲ್ಲವೂ ಒಂದೇ ಬೂದಿಯ ಬಣ್ಣಕ್ಕೆ ತಿರುಗಿದವು.

ನಕಾಶೆಯನ್ನು ಹಾಸ್ಟೆಲಿನ ನೆಲದ ಮೇಲೆ ಹಾಸಿದಾಗ ಮೊದಲು ಕುಣಿದವಳು ಲಿಂಗಸುಗೂರಿನ ಗೆಳತಿ. ಅವಳ ಊರು ಆಗ ಜಿಲ್ಲೆಯ ಮುಖ್ಯಸ್ಥಳ! ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಜಾಗ ಅದು. 1853ರ ಒಪ್ಪಂದದಂತೆ ಈ ದಂಡಿನ ಖರ್ಚಿಗೆಂದೇ ನಿಜಾಮರು ರಾಯಚೂರು ದೋಆಬನ್ನು ಇಂಗ್ಲಿಷರ ವಶಕ್ಕೆ ಕೊಟ್ಟಿದ್ದರು. 1860ರಲ್ಲಿ ಅದು ಮರಳಿ ನಿಜಾಮರಿಗೆ ಬಂತು. ದಂಡೂ ಜಿಲ್ಲೆಯೂ ಬಹಳ ಕಾಲ ಉಳಿಯಲಿಲ್ಲ. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ಒಡೆದು ಸುರಪುರ, ಶಹಾಪುರಗಳನ್ನು ಕಲಬುರಗಿಗೂ, ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿಗಳನ್ನು ರಾಯಚೂರಿಗೂ ಹಂಚಿದರು. ಆ ಹಂಚಿಕೆಯೂ ಮತ್ತೆ ಮತ್ತೆ ಬದಲಾಗಿ ಇಂದು ಸುರಪುರ ಯಾದಗಿರಿಯಲ್ಲಿದೆ, ಕುಷ್ಟಗಿ ಕೊಪ್ಪಳದಲ್ಲಿದೆ. ಅಣ್ಣತಮ್ಮಂದಿರು ಬೇರೆಯಾದಾಗ ಪಾತ್ರೆಪಡಗ ಹಂಚಿಕೊಂಡಂತೆಯೇ ಇದೂ ಕಾಣುತ್ತದೆ. ಗೆಳತಿ ಮಾತ್ರ ಆ ದಿನದಿಂದ ರಾಯಚೂರಿನವರೊಡನೆ ಮಾತಾಡುವಾಗ ಧ್ವನಿಯನ್ನು ಸ್ವಲ್ಪ ಏರಿಸಿಕೊಂಡಿದ್ದಾಳೆ.

ಮಸ್ಕಿಯನ್ನು ಹುಡುಕುತ್ತ ನನ್ನ ಕಣ್ಣು ನೋವು ಬಂದಿತು. ಆ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಊರುಗಳ ಹೆಸರುಗಳು ವೇಷ ಹಾಕಿಕೊಂಡು ಕುಳಿತಿರುತ್ತವೆ. ಮುದಗಲ್ಲು 'ಮೂಡ್‌ಗುಲ್' ಆಗಿರುತ್ತದೆ, ರಾಯಚೂರು 'ರೈಚೋರ್', ಮಸ್ಕಿ 'ಮುಸ್ಕಿ'. ಯಾವ ವೇಷದಲ್ಲಿಯೂ ಮಸ್ಕಿ ನನ್ನ ಪ್ರತಿಯಲ್ಲಿ ಸಿಕ್ಕಲಿಲ್ಲ. ಇದ್ದಿದ್ದರೂ ಜೆರಾಕ್ಸಿನ ಮಸಿ ನುಂಗಿರಬೇಕು. ಆಗ ಯೋಚಿಸಿದೆ: ಈ ನಕಾಶೆ ಅಚ್ಚಾಗುವ ಹೊತ್ತಿಗೆ ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷ ದಾಟಿ ಸುಮ್ಮನೆ ಬಿದ್ದಿತ್ತು. ದನ ಕಾಯುವವರು ಅದರ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದಿರಬೇಕು. ಚಿನ್ನ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಆ ಅಕ್ಷರಗಳು ಬಿದ್ದದ್ದು 1915ರಲ್ಲಿ. 'ದೇವಾನಾಂಪ್ರಿಯ' ಎಂದು ಬಂಡೆಗಳ ಮೇಲೆ ಕರೆಸಿಕೊಂಡವನು ಅಶೋಕನೇ ಇರಬೇಕೆಂದು ವಿದ್ವಾಂಸರು ಅಲ್ಲಿಯವರೆಗೆ ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಹೆಸರು ಹಿಡಿದು ಹೇಳಿದ ಮೊದಲ ಶಾಸನ ಮಸ್ಕಿಯದು. ಗುಜರ್ರಾ, ನಿಟ್ಟೂರು, ಉದೇಗೊಳಗಳಲ್ಲಿ ಆ ಹೆಸರು ಕಂಡದ್ದು ಆಮೇಲೆ. ನಕಾಶೆಗಾರನನ್ನು ಇದಕ್ಕಾಗಿ ದೂರುವಂತಿಲ್ಲ. ಯಾರಿಗೂ ತಿಳಿಯದಿದ್ದುದನ್ನು ಅವನು ಎಲ್ಲಿಂದ ತಂದು ಹಾಕಬೇಕು?

ಇಷ್ಟಕ್ಕೆ ನನ್ನ ಸೆಮಿನಾರು ಮುಗಿದುಹೋಗುತ್ತಿತ್ತು. ಆದರೆ ಒಂದು ಸಂಜೆ ಹಾಳೆಯನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡುತ್ತಿದ್ದಾಗ ರೈಲಿನ ಗೆರೆಗಳು ಕಣ್ಣಿಗೆ ಬಿದ್ದವು. ಪೂರ್ವದಲ್ಲಿ ರಾಯಚೂರಿನಿಂದ ಆದವಾನಿಯ ಮೇಲೆ ಗುಂತಕಲ್ಲಿಗೆ ಒಂದು ಗೆರೆ. ಅಲ್ಲಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಗದಗಿಗೆ ಇನ್ನೊಂದು. ಗದಗಿನಿಂದ ಬಾಗಲಕೋಟೆ, ವಿಜಾಪುರಗಳ ಮೇಲೆ ಹೊಟಗಿಗೆ ಮತ್ತೊಂದು. ಹೊಟಗಿಯಿಂದ ಕಲಬುರಗಿ, ವಾಡಿ ದಾಟಿ ಮತ್ತೆ ರಾಯಚೂರಿಗೆ. ಬೆರಳಿಟ್ಟು ಹೊರಟರೆ ಎಲ್ಲಿಯೂ ಎತ್ತದೆ ಹೊರಟಲ್ಲಿಗೇ ಬಂದು ಸೇರುತ್ತದೆ! ಈ ದೊಡ್ಡ ಸುತ್ತಿನ ನಟ್ಟನಡುವೆ ಲಿಂಗಸುಗೂರು, ಮಸ್ಕಿ, ಸಿಂಧನೂರು, ಕುಷ್ಟಗಿ, ಸುರಪುರ. ಒಳಗೆ ಒಂದು ಗೆರೆಯೂ ಇಲ್ಲ. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ನಾನು ಹೇಳುವುದು ತಿಳಿದೀತು. ಎತ್ತುಗಳು ಸುತ್ತ ತಿರುಗುತ್ತವೆ, ನಡುವೆ ಮೇಟಿ ನಿಂತಿರುತ್ತದೆ. ನೂರಾರು ಮೈಲಿ ಸುತ್ತಳತೆಯ ಕಣದಲ್ಲಿ ಉಗಿಬಂಡಿಗಳು ತಿರುಗುತ್ತಿದ್ದವು. ನಮ್ಮವರು ಮೇಟಿಯ ಹಾಗೆ ನಿಂತಿದ್ದರು.

ಇದು ಯಾರೋ ಬೇಕೆಂದು ನಮ್ಮನ್ನು ಬಿಟ್ಟು ಹಾಕಿದ ಸುತ್ತಲ್ಲ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನಿಂದ ಹೊರಟ ಮದ್ರಾಸ್ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೈಕೂಡಿಸಿದವು. ಆ ಎರಡು ಬಂದರುಗಳನ್ನು ಜೋಡಿಸುವುದು ಅವರ ಗುರಿ. ಟಪಾಲು ಬೇಗ ಹೋಗಬೇಕು, ದಂಡು ಬೇಗ ಹೋಗಬೇಕು, ಹತ್ತಿ ಬೇಗ ಹಡಗಿಗೆ ಸೇರಬೇಕು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಎರೆಭೂಮಿಯ ನೆನಪು ಬಂದಿತ್ತು. ಆಮೇಲೆ 1880ರ ದಶಕದಲ್ಲಿ ಸದರನ್ ಮರಾಠಾ ರೈಲ್ವೆಯವರು ಗದಗಿನ ಸುತ್ತ ಸಣ್ಣ ಅಳತೆಯ ಹಳಿ ಹಾಸಿದರು. ಅವರವರ ಲೆಕ್ಕ ಅವರವರಿಗೆ ಸರಿಯಾಗಿಯೇ ಇತ್ತು. ನಾಲ್ಕೂ ಕಡೆಯ ಲೆಕ್ಕ ಕೂಡಿದಾಗ ನಾವು ಶೇಷವಾಗಿ ಉಳಿದೆವು.

ಆದರೆ ಶೇಷವಾಗಿ ಉಳಿದವರಿಗೆ ಅದರ ಬೆಲೆ ಏನೆಂಬುದು ಐದೇ ವರ್ಷಗಳಲ್ಲಿ ತಿಳಿಯಿತು. 1876ರಿಂದ 78ರವರೆಗೆ ದಕ್ಷಿಣದ ಮೇಲೆ ಮಹಾಕ್ಷಾಮ ಬಿತ್ತು. ನಮ್ಮ ಕಡೆಯ ಸಂವತ್ಸರಗಳ ಲೆಕ್ಕದಲ್ಲಿ ಧಾತು, ಈಶ್ವರದ ಬರ. ರೈಲು ದೂರದಿಂದ ಧಾನ್ಯದ ಚೀಲಗಳನ್ನು ತಂದು ಸ್ಟೇಷನ್ನುಗಳಲ್ಲಿ ಇಳಿಸಿತು. ಅಲ್ಲಿಂದ ಮುಂದಕ್ಕೆ ಹಳ್ಳಿಗಳಿಗೆ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತುಹೋಗಿದ್ದವು. ಈ ಸಂಗತಿಯನ್ನು ಓದಿದ ಮೇಲೆ ನಕಾಶೆಯ ಮೇಲಿನ ಆ ಬಯಲು ನನಗೆ ಬರಿಯ ಬಯಲಾಗಿ ಕಾಣಲಿಲ್ಲ. ರಾಯಚೂರಿನ ಚುಕ್ಕೆಗೂ ಲಿಂಗಸುಗೂರಿನ ಚುಕ್ಕೆಗೂ ನಡುವೆ ಎರಡು ಬೆರಳಿನಷ್ಟು ಕಾಗದ; ಬಂಡಿಗೆ ಅದು ಮೂರು ದಿನದ ದಾರಿ.

ಮೂರು ದಿನವೆಂದು ನಾನು ಹೇಳಿದ್ದು ಪುಸ್ತಕ ನೋಡಿ ಅಲ್ಲ. ನಮ್ಮ ಆಯಿ ಹೇಳಿದ್ದು.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ನಕಾಶೆಯನ್ನೂ ಒಯ್ದಿದ್ದೆ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಅಕ್ಷರ ಬಾರದು, ಆದರೆ ಕಾಗದ ಕಂಡರೆ ಏನೆಂದು ಕೇಳದೆ ಬಿಡುವವಳಲ್ಲ. ಪಡಸಾಲೆಯಲ್ಲಿ ಹಾಸಿದ್ದನ್ನು ನೋಡಿ ಹತ್ತಿರ ಬಂದು ಕುಳಿತಳು.

"ಇದರಾಗ ನನ್ನ ತವರು ಎಲ್ಲೈತಿ ಯವ್ವಾ?"

"ಇಲ್ಲ ಆಯಿ, ಸಣ್ಣ ಊರು ಹಾಕಿಲ್ಲ."

"ಹೋಗಲಿ, ಮಸ್ಕಿ ತೋರಿಸು."

"ಅದೂ ಕಾಣವಲ್ದು."

"ಮಸ್ಕಿನೂ ಸಣ್ಣದನು? ಎಂಥಾ ಸಂತಿ ಕೂಡ್ತಿತ್ತು! ಇದನ್ನ ಬರದಾವ ಯಾವ ದಾರಿ ಹಿಡದು ಬಂದಿದ್ನೋ ಏನೋ."

ಈ ಕೊನೆಯ ಮಾತಿಗೆ ನಾನು ನಕ್ಕೆ. ಆಮೇಲೆ ಯೋಚಿಸಿದರೆ ಅದು ನಕ್ಕು ಬಿಡುವ ಮಾತಾಗಿರಲಿಲ್ಲ. ನಕಾಶೆಗಾರ ಎಡಿನ್‌ಬರೋದಲ್ಲಿ ಕುಳಿತವನು. ಸರ್ವೆಯವರು ಅಳೆದು ಕಳಿಸಿದ್ದನ್ನು ಕಿರಿದುಗೊಳಿಸಿ ಬರೆದವನು. ಕಿರಿದುಗೊಳಿಸುವಾಗ ಯಾವ ಊರನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಕಚೇರಿ ಇದ್ದಲ್ಲಿ ಚುಕ್ಕೆ, ದಂಡು ಇದ್ದಲ್ಲಿ ಚುಕ್ಕೆ, ಕೋಟೆ ಇದ್ದಲ್ಲಿ ಚುಕ್ಕೆ, ಸ್ಟೇಷನ್ನು ಇದ್ದಲ್ಲಂತೂ ಖಂಡಿತ ಚುಕ್ಕೆ. ಸಂತೆಗೆ ಚುಕ್ಕೆ ಇಡುವ ಪದ್ಧತಿ ಇರಲಿಲ್ಲ.

ಆಯಿಯ ಬಾಯಿಂದ ಬೇರೊಂದು ನಕಾಶೆ ಬಿಚ್ಚಿತು. ಅವಳ ಅಪ್ಪ, ಎಂದರೆ ನನ್ನ ಅಪ್ಪನ ತಾಯಿಯ ಕಡೆಯ ಮುತ್ಯಾ, ಹತ್ತಿಯ ಬಂಡಿ ಕಟ್ಟಿಕೊಂಡು ರಾಯಚೂರಿಗೆ ಹೋಗುತ್ತಿದ್ದರು. ಏಳೆಂಟು ವರ್ಷದವಳಿದ್ದಾಗ ಹಟಮಾಡಿ ಒಮ್ಮೆ ತಾನೂ ಹತ್ತಿಯ ಮೇಲೆ ಕುಳಿತು ಹೋಗಿದ್ದಳಂತೆ. ಲೆಕ್ಕ ಹಾಕಿದರೆ ಅದು 1950ರ ಆಚೆ ಈಚೆಯ ಮಾತು. ಪೋಲೀಸ್ ಕಾರ್ಯಾಚರಣೆ ಮುಗಿದು ನಿಜಾಮರ ಆಳಿಕೆ ಹೋಗಿತ್ತು. ತವರಿನಿಂದ ಮಸ್ಕಿ ಎರಡು ಹರದಾರಿ. ಮಸ್ಕಿಯ ಹಳ್ಳ ದಾಟಿದ ಮೇಲೆ ಮೊದಲ ರಾತ್ರಿ ಒಂದು ಹುಣಸೆಯ ತೋಪಿನಲ್ಲಿ. ಅಲ್ಲಿಯ ಬಾವಿಯ ನೀರು ಉಪ್ಪು, ಎತ್ತು ಮುಟ್ಟುತ್ತಿರಲಿಲ್ಲ. ಎರಡನೆಯ ರಾತ್ರಿ ಮಾನ್ವಿಯ ಹತ್ತಿರ, ಅಲ್ಲಿ ಸಿಹಿನೀರು. ನಡುವೆ ಒಂದು ತಗ್ಗು. ಅಲ್ಲಿ ಬಂಡಿಗಳು ಒಂಟಿಯಾಗಿ ಹೋಗುತ್ತಿರಲಿಲ್ಲ, ಐದಾರು ಕೂಡಿಯೇ ಇಳಿಯುತ್ತಿದ್ದವು. ಮೂರನೆಯ ರಾತ್ರಿ ರಾಯಚೂರು. ಬೆಳಗಿನಲ್ಲಿ ಸ್ಟೇಷನ್ನಿನ ಬೇಲಿಯ ಈಚೆ ನಿಂತು ರೈಲು ನೋಡಿದಳು. "ಹೊಗಿ ಬಿಟ್ಟಿದ್ದು ಕಂಡು ನನಗ ಅಳು ಬಂತು. ಅಣ್ಣ ಹೆಗಲ ಮ್ಯಾಲ ಕೂಡಿಸಿಕೊಂಡ," ಎಂದಳು.

ಅವಳು ಹೇಳುತ್ತ ಹೋದಂತೆ ನಾನು ನೋಟುಬುಕ್ಕಿನ ಎರಡು ಪುಟಗಳ ಮೇಲೆ ಬರೆದುಕೊಂಡೆ: ಉಪ್ಪುನೀರಿನ ಬಾವಿ, ಸಿಹಿನೀರಿನ ಬಾವಿ, ತೋಪು, ತಗ್ಗು, ಹಳ್ಳ. ಉತ್ತರ ಯಾವ ಕಡೆಗೆ ಎಂದು ಕೇಳಿದರೆ, "ಹೋಗೂವಾಗ ಹೊತ್ತು ಎದುರಿಗೆ ಮೂಡ್ತದ, ಬರೂವಾಗ ಎದುರಿಗೆ ಮುಳುಗ್ತದ," ಎಂದಳು. ಬಾರ್ತಲೊಮ್ಯುವಿನ ನಕಾಶೆಯಲ್ಲಿ ಬರಿದಾಗಿದ್ದ ಎರಡು ಬೆರಳಿನ ಜಾಗ ನನ್ನ ಪುಸ್ತಕದಲ್ಲಿ ಎರಡು ಪುಟ ತುಂಬಿತು. ನನ್ನದಕ್ಕೆ ಅಳತೆಯ ಪ್ರಮಾಣ ಇಲ್ಲ, ಅಕ್ಷಾಂಶ ರೇಖಾಂಶ ಇಲ್ಲ. ಭೂಗೋಳದವರಿಗೆ ತೋರಿಸಿದರೆ ಸೊನ್ನೆ ಕೊಡುತ್ತಾರೆ. ಆದರೂ ಎತ್ತು ಹೂಡಿಕೊಂಡು ಹೋಗುವವನಿಗೆ ಎರಡರಲ್ಲಿ ಯಾವುದು ಬೇಕಾದೀತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆ ಹೆಗಲ ಮೇಲೆ ಕೂಡಿಸಿಕೊಂಡ ಅಣ್ಣನ ವಿಷಯ ನಮ್ಮ ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. 1972ರ ಬರಗಾಲದಲ್ಲಿ ಹೊಲದಲ್ಲಿ ಏನೂ ಬೆಳೆಯದೆ ಅವನು ರಾಯಚೂರಿಗೆ ಹೋಗಿ ರೈಲು ಹತ್ತಿ ಸೊಲ್ಲಾಪುರದ ಗಿರಣಿಗೆ ಸೇರಿದ. ತುಂಗಭದ್ರೆಯ ಕಾಲುವೆ ಸಿಂಧನೂರಿನ ಕಡೆಯ ಹೊಲಗಳಿಗೆ ಬಂದಿತ್ತು. ಆಯಿಯ ತವರಿನ ಕಡೆ ಮಳೆಯನ್ನೇ ನೋಡುವ ಒಣಬೇಸಾಯ. ಸೊಲ್ಲಾಪುರದಲ್ಲಿ ಕನ್ನಡದವರು ಬಹಳ ಮಂದಿ, ಭಾಷೆಯ ತೊಡಕಿಲ್ಲ. ಮೂರು ವರ್ಷ ಅಲ್ಲಿಂದ ಕಾರ್ಡು ಬಂದವು, ಆಗೊಮ್ಮೆ ಈಗೊಮ್ಮೆ ಮನಿಯಾರ್ಡರೂ ಬಂತು. ಆಮೇಲೆ ಬರಲಿಲ್ಲ. ಯಾರೋ ಹೋಗಿ ಹುಡುಕಿ ಬರಬೇಕಾಗಿತ್ತು, ಯಾರೂ ಹೋಗಲಿಲ್ಲ. ಹೋಗಲಿಕ್ಕೆ ಹಣವಿರಲಿಲ್ಲವೆಂದು ಒಬ್ಬರು ಹೇಳುತ್ತಾರೆ, ಹೊಲದ ಪಾಲಿನ ಜಗಳವಿತ್ತೆಂದು ಇನ್ನೊಬ್ಬರು. ಎರಡು ಕಾರ್ಡುಗಳು ಆಯಿಯ ಟ್ರಂಕಿನಲ್ಲಿ ಇವೆ. ನಾನು ಓದು ಕಲಿತಾಗಿನಿಂದ ವರ್ಷಕ್ಕೆ ಒಂದೆರಡು ಸಲ ಅವನ್ನು ಓದಿ ಹೇಳಿದ್ದೇನೆ. ಎಲ್ಲರ ಕ್ಷೇಮ ಕೇಳಿ, ಮಳೆ ಕೇಳಿ, ಎತ್ತಿನ ಕಾಲುಬೇನೆ ಕೇಳಿ ಮುಗಿಯುತ್ತವೆ.

"ಸೊಲ್ಲಾಪುರ ಇದರಾಗ ಐತೇನು?" ಎಂದು ಆಯಿ ಕೇಳಿದಳು.

ಇತ್ತು. ದಪ್ಪ ಅಕ್ಷರದಲ್ಲಿಯೇ ಇತ್ತು. ನಾನು ಅವಳ ತೋರುಬೆರಳನ್ನು ಹಿಡಿದು ರಾಯಚೂರಿನ ಮೇಲೆ ಇಟ್ಟೆ. ಕೃಷ್ಣೆ ದಾಟಿಸಿದೆ, ಮುಂದೆ ಭೀಮೆ ದಾಟಿಸಿದೆ. ವಾಡಿ, ಕಲಬುರಗಿ, ಹೊಟಗಿ, ಸೊಲ್ಲಾಪುರ. ಅವಳು ಬೆರಳನ್ನು ಅಲ್ಲಿಯೇ ಇಟ್ಟುಕೊಂಡಳು. ಆಮೇಲೆ ಎಡಗೈಯ ಬೆರಳುಗಳನ್ನು ಕೂಡಿಸಿ ರಾಯಚೂರಿನಿಂದ ಅಲ್ಲಿಯವರೆಗೆ ಅಳೆದಳು. ನಾಲ್ಕು ಬೆರಳು ಬಂತು.

"ಇಷ್ಟ ದೂರನು?" ಎಂದಳು. "ಐವತ್ತು ವರ್ಷ ನಾನು ಎಲ್ಲೋ ಕಾಶಿ ಆಚಿಗೆ ಅಂದ್ಕೊಂಡಿದ್ದೆ."

ಅದು ಸುಮಾರು ಇನ್ನೂರೈವತ್ತು ಕಿಲೋಮೀಟರು, ಕಾಗದದ ಮೇಲೆ ಹಾಗೆ ಕಾಣುತ್ತದೆ ಎಂದು ನಾನು ತಿಳಿಯಹೇಳಲು ಹೋದೆ. ಹೇಳಿದಷ್ಟೂ ನನ್ನ ಮಾತೇ ನನಗೆ ಸಪ್ಪೆಯಾಗಿ ಕೇಳಿಸಿತು. ಇನ್ನೂರೈವತ್ತು ಕಿಲೋಮೀಟರೇನು ಮಹಾ ದೂರ? ಸಿಂಧನೂರಿನಿಂದ ಬೆಂಗಳೂರಿಗೆ ಕೂಲಿಗೆ ಹೋಗುವವರು ಅದಕ್ಕಿಂತ ಹೆಚ್ಚು ದೂರ ಹೋಗಿ ಹಬ್ಬಕ್ಕೆ ಬರುತ್ತಾರೆ. ಆಯಿಗೆ ಯಾರೂ ನಕಾಶೆ ತೋರಿಸಿರಲಿಲ್ಲ, ಅಷ್ಟೆ. ನಾನೂ ತೋರಿಸಿರಲಿಲ್ಲ. ಹೈಸ್ಕೂಲಿನ ಭೂಗೋಳದ ಪುಸ್ತಕದಲ್ಲಿ ಸೊಲ್ಲಾಪುರ ಇತ್ತು. ಅದು ಮೂರು ವರ್ಷ ಅವಳ ತಲೆದೆಸೆಯ ಗೂಡಿನಲ್ಲಿಯೇ ಬಿದ್ದಿತ್ತು.

ಈಗ ನಮ್ಮ ಸೀಮೆಯ ಒಳಗೂ ಗೆರೆಗಳು ಬರತೊಡಗಿವೆ. 2024ರ ಮಾರ್ಚಿಯಲ್ಲಿ ಕಾರಟಗಿಯಿಂದ ಸಿಂಧನೂರಿಗೆ ರೈಲು ಬಂತು. ರಾಯಚೂರಿಗೆ ರೈಲು ಬಂದು 153 ವರ್ಷಗಳ ಮೇಲೆ! ಅದೂ ರಾಯಚೂರಿನ ಕಡೆಯಿಂದಲ್ಲ, ಕೊಪ್ಪಳದ ಕಡೆಯಿಂದ. ಸಿಂಧನೂರಿನಿಂದ ರಾಯಚೂರಿನವರೆಗಿನ ಭಾಗ ನಾನಿದನ್ನು ಬರೆಯುವ ಹೊತ್ತಿಗೆ ಇನ್ನೂ ಕೂಡಿಕೊಂಡಿಲ್ಲ. 2025ರ ಮೇ ತಿಂಗಳಲ್ಲಿ ಗದಗು–ವಾಡಿ ಮಾರ್ಗದ ಮೇಲೆ ಕುಷ್ಟಗಿಯವರೆಗೆ ರೈಲು ಓಡಿತು. ಅದೇ ಮಾರ್ಗ ಮುಂದೆ ಲಿಂಗಸುಗೂರಿನ ಮೇಲೆ ಹೋಗಬೇಕಾಗಿದೆ. ನನ್ನ ಜೆರಾಕ್ಸ್ ಪ್ರತಿಯ ಮೇಲೆ ಕೆಂಪು ಪೆನ್ನಿನಿಂದ ಸಿಂಧನೂರಿನವರೆಗೆ ಒಂದು ಗೆರೆ, ಕುಷ್ಟಗಿಯವರೆಗೆ ಒಂದು ಗೆರೆ ಎಳೆದಿದ್ದೇನೆ. ಲಿಂಗಸುಗೂರಿನ ಗೆಳತಿ ತನ್ನ ಊರಿಗೂ ಎಳೆಯೆಂದು ದುಂಬಾಲು ಬಿದ್ದಳು. ರೈಲು ಓಡಿದ ದಿನ ಎಳೆಯುತ್ತೇನೆಂದು ಹೇಳಿದ್ದೇನೆ.

ಒಂದು ಭಾನುವಾರ ಆಯಿಯನ್ನು ಸಿಂಧನೂರಿನ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಹೊಸ ಕಟ್ಟಡ, ಹೊಸ ಬಣ್ಣ. ಹುಬ್ಬಳ್ಳಿಯ ಗಾಡಿ ನಿಂತಿತ್ತು. ಆಯಿ ಅದರ ಉದ್ದಕ್ಕೂ ನಡೆದು ಕಿಟಕಿಗಳನ್ನು ನೋಡಿ ಬಂದಳು. ಹೊಗೆಯಿಲ್ಲದ್ದನ್ನು ಕಂಡು ಅವಳಿಗೆ ಸ್ವಲ್ಪ ನಿರಾಸೆಯಾದಂತೆ ಇತ್ತು. ಈ ಗಾಡಿಯಲ್ಲಿ ಗದಗಿಗೆ ಹೋಗಿ, ಅಲ್ಲಿ ಬದಲಾಯಿಸಿ, ಬಾಗಲಕೋಟೆ, ವಿಜಾಪುರದ ಮೇಲೆ ಸೊಲ್ಲಾಪುರಕ್ಕೆ ಹೋಗಬಹುದೆಂದು ನಾನು ವಿವರಿಸಿದೆ. ಹಂತಿಯ ಅರ್ಧ ಸುತ್ತು. ಆಯಿ ತಲೆಯಾಡಿಸಿದಳು.

"ಬ್ಯಾಡ. ರಾಯಚೂರಿಂದ ಹೋಗೂಣು. ಅಂವ ಹೋದ ದಾರಿಲೇ ಹೋಗೂಣು."

ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಹೋಗುವುದೆಂದು ಮಾಡಿದ್ದೇವೆ. ಗಿರಣಿಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆಯೆಂದು ಅವಳಿಗೆ ಹೇಳಿದ್ದೇನೆ. ಅಣ್ಣನಿಗೆ ಈಗ ತೊಂಬತ್ತರ ಹತ್ತಿರ ಆಗುತ್ತಿತ್ತೆಂದು ಅವಳೇ ನನಗೆ ಹೇಳಿದ್ದಾಳೆ. ಮದುವೆ ಮಾಡಿಕೊಂಡಿದ್ದರೆ ಮಕ್ಕಳಾದರೂ ಇರಬಹುದು ಎಂಬುದು ಅವಳ ಲೆಕ್ಕ. ಕಾರ್ಡಿನ ಮೇಲೆ ಚಾಳಿನ ಹೆಸರು ಅರ್ಧ ಅಳಿಸಿದೆ, ನಂಬರು ಮಾತ್ರ ಸ್ಪಷ್ಟವಾಗಿದೆ. ಸೊಲ್ಲಾಪುರ ನಗರದ ಹಳೆಯ ನಕಾಶೆಯೊಂದು ಎಲ್ಲಿಯಾದರೂ ಸಿಕ್ಕೀತೇ ಎಂದು ಗುರುಗಳನ್ನು ಕೇಳಿದ್ದೇನೆ, ಹುಡುಕೋಣವೆಂದಿದ್ದಾರೆ.

ಅಪ್ಪ ಮಾತ್ರ ಇನ್ನೂ ಹೂಂ ಅಂದಿಲ್ಲ. ಒಂದು ಹುಡುಗಿ, ಒಂದು ಮುದುಕಿ, ಗೊತ್ತಿಲ್ಲದ ಊರಿನಲ್ಲಿ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಮೊನ್ನೆ ರಾತ್ರಿ ನಾನು ಮಲಗಿದ್ದೇನೆಂದು ತಿಳಿದು ದೀಪದ ಹತ್ತಿರ ಆ ಹಾಳೆಯನ್ನು ಬಿಡಿಸಿಕೊಂಡು ಕುಳಿತಿದ್ದ. ಇಂಗ್ಲಿಷು ಬಾರದು. ಗೆರೆಯ ಮೇಲೆ ಬೆರಳಿಟ್ಟು ಸ್ಟೇಷನ್ನುಗಳ ಚುಕ್ಕೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದ.